ಒಂದು ಕೈ ಜೇಬಿನಲ್ಲಿ

ಹಡರ್ಸ್‌ಫೀಲ್ಡಿನ ಈ ಕಾಲೇಜು ಹಿಂದೆ ಉಣ್ಣೆಯ ಗಿರಣಿ.
ಮಗ್ಗಗಳಿದ್ದ ಎರಡನೇ ಮಹಡಿಯಲ್ಲಿ ಈಗ
ಆರು ಮೇಜು, ಮೇಜಿಗೊಂದು ಟ್ರಾನ್ಸ್‌ಫಾರ್ಮರು:
ಉಕ್ಕಿನ ತೆಳು ಹಾಳೆಗಳನ್ನು ಒತ್ತಿ ಬಿಗಿದ ಚೌಕಟ್ಟು,
ಅದರ ಎರಡು ಕಾಲಿಗೆ ತಾಮ್ರದ ಸುತ್ತು.
ಈ ಸುತ್ತು ಆ ಸುತ್ತನ್ನು ಮುಟ್ಟುವುದಿಲ್ಲ.
ಮಡಿಯಲ್ಲಿದ್ದವರು ಮೇಲಿನಿಂದ ತೀರ್ಥ ಬಿಟ್ಟ ಹಾಗೆ
ಮುಟ್ಟದೆಯೇ ಕೊಡುತ್ತದೆ.

ಲ್ಯಾಬಿನ ಕ್ಲಿಫ್ ಆರ್ಮಿಟೇಜನದು ಒಂದೇ ಕಾನೂನು,
ಎಲ್ಲೂ ಬರೆದಿಲ್ಲ, ಕೆಮ್ಮಿ ಹೇಳುತ್ತಾನೆ:
ಕರೆಂಟು ಹರಿಯುವಾಗ ಒಂದು ಕೈ ಜೇಬಿನಲ್ಲಿ.
ಎರಡೂ ಹೊರಗಿದ್ದರೆ ಅದರ ದಾರಿ ಎದೆಯ ಮೂಲಕ.
ಮೂವತ್ತು ವರ್ಷದಿಂದ ಅವನ ಕೋಟಿನ ಎಡಜೇಬು
ಬಲಜೇಬಿಗಿಂತ ಎರಡಂಗುಲ ಜೋತಿದೆ.

ಆ ವರ್ಷ ಗುರುವಾರದ ಸಂಜೆ ತರಗತಿಗೆ
ಬ್ರಯನಿ ಸೈಕ್ಸ್ ಬಂದಳು, ಬೀದಿಯ ಕೇಬಲ್ಲು ಜೋಡಿಸುವ ಕೆಲಸದವಳು.
ಹುಟ್ಟಿನಿಂದ ಕಿವಿ ಕೇಳದು.
ನನ್ನ ಮಾತನ್ನು ಕೈಗೆ ತಿರುಗಿಸಲು ಜೊತೆಗೆ ಗ್ವಿನೆತ್,
ಕಪ್ಪು ಅಂಗಿ, ಉಂಗುರವಿಲ್ಲದ ಬೆರಳು.

ಮೊದಲ ದಿನವೇ ಸಿಕ್ಕಿಬಿದ್ದೆವು.
ಬ್ರಯನಿಗೆ ಮಾತೆಂದರೆ ಎರಡು ಕೈ.
ಒಂದು ಜೇಬಿನಲ್ಲಿದ್ದರೆ ಅರ್ಧ ವಾಕ್ಯ, ತೊದಲು.
ಕ್ಲಿಫ್ ತಲೆ ಕೆರೆದುಕೊಂಡ, ಬಲಗೈಯಿಂದಲೇ.
ಕೊನೆಗೆ ಅವನೇ ಹೇಳಿದ:
ಅವಳು ಮಾತಾಡುವಾಗ ಸ್ವಿಚ್ಚು ಆರಿಸೋಣ.

ಹಾಗಾಗಿ ಆ ವರ್ಷ ಎಲ್ಲ ಪ್ರಯೋಗವೂ ನಿಧಾನ.
ವೇರಿಯಾಕಿನ ಗುಂಡಿ ಸೊನ್ನೆಯಿಂದ ಏರುವುದು,
ಮುಳ್ಳು ತನ್ನ ಕೆಳಗಿನ ಕನ್ನಡಿಯ ಮುಳ್ಳನ್ನು ಮುಚ್ಚುವಷ್ಟು
ನೆಟ್ಟಗೆ ಬಗ್ಗಿ ನಾವು ಓದುವುದು,
ಅಷ್ಟರಲ್ಲಿ ಅವಳ ಹುಬ್ಬು ಏರುವುದು.
ಮತ್ತೆ ಸೊನ್ನೆ. ಮುಳ್ಳುಗಳೆಲ್ಲ ಮಲಗುವವು.
ಪ್ರಶ್ನೆ. ಉತ್ತರ. ಮತ್ತೆ ಮೊದಲಿನಿಂದ.
ಬಾಯಿ ಇದೆಯೆಂದು ಆಡುತ್ತಿದ್ದ ನಾವು
ನಮ್ಮ ಮಾತು ಎಷ್ಟು ಅಗ್ಗವೆಂದು ಲೆಕ್ಕ ಹಾಕಿದೆವು.

ಹೊರೆಯಿಲ್ಲದ ಪರೀಕ್ಷೆಯ ದಿನ.
ಆಚೆ ಬದಿಗೆ ಬಲ್ಬಿಲ್ಲ, ಮೋಟಾರಿಲ್ಲ, ಬರಿ ತೆರೆದ ತುದಿ.
ಆದರೂ ವಾಟ್‌ಮೀಟರು ಹದಿನೆಂಟು ತೋರಿಸುತ್ತದೆ.
ಯಾರಿಗೂ ಕೊಡದ ಹದಿನೆಂಟು ಎಲ್ಲಿ ಹೋಯಿತು?
ಆರಿಸಿದ ಮೇಲೆ ಅವಳು ಕೇಳಿದಳು.
ಬಹುಪಾಲು ಹಿಸ್ಟೆರಿಸಿಸ್, ಎಂದೆ.
ಗ್ವಿನೆತಳ ಕೈ ನಿಂತಿತು. ಅದಕ್ಕೆ ಸನ್ನೆ ಗೊತ್ತಿಲ್ಲ.
ಬೆರಳಲ್ಲೇ ಒಂದೊಂದಾಗಿ ಹತ್ತು ಅಕ್ಷರ ಕಟ್ಟಿದಳು.
ನಾನು ಮನಸ್ಸಿನಲ್ಲೇ ಕನ್ನಡದಲ್ಲಿ ಹುಡುಕಿದೆ;
ಪಠ್ಯದಲ್ಲೊಂದು ಪದವಿತ್ತು, ಬಾಯಿಗೆ ಬರುವಂಥದ್ದಲ್ಲ.
ಹೀಗೆ ಹೇಳಿದೆ: ತಿರುಗು ಎಂದರೆ ಕಬ್ಬಿಣ ತಿರುಗುತ್ತದೆ,
ಆದರೆ ತುಸು ತಡ. ಹಿಂದಿನದನ್ನು ಬಿಡಲೊಲ್ಲದು.
ಸೆಕೆಂಡಿಗೆ ಐವತ್ತು ಸಲ ಬಿಡಿಸಬೇಕು.
ಬಿಡಿಸುವ ಕೂಲಿ ಅದು. ಬಿಸಿಯಾಗಿ ಹೋಗುತ್ತದೆ.

ಬ್ರಯನಿ ಒಂದು ಅಂಗೈ ಚಾಚಿದಳು, ಹಿಂದೆ ಇನ್ನೊಂದು ಮುಷ್ಟಿ.
ಅಂಗೈ ಎಡಕ್ಕೆ ಹೊರಳಿತು. ಮುಷ್ಟಿ ನೋಡುತ್ತಾ ನಿಂತು
ಬೇಕೋ ಬೇಡವೋ ಎಂದು ಹಿಂಬಾಲಿಸಿತು.
ಅಂಗೈ ಬಲಕ್ಕೆ. ಮುಷ್ಟಿ ಇನ್ನೂ ಎಡದಲ್ಲೇ.
ನನ್ನ ಗಂಡ ಹೀಗೇ, ಎಂದು ಗ್ವಿನೆತ್ ನಕ್ಕಳು.
ಕ್ಲಿಫ್ ನಗಲಿಲ್ಲ. ಜೇಬಿನಿಂದ ಎಡಗೈ ತೆಗೆದು
ಅದನ್ನೇ ಮಾಡಿ ನೋಡಿದ, ಎರಡು ಸಲ.

ಫೆಬ್ರವರಿಯಲ್ಲಿರಬೇಕು, ನಾಲ್ಕನೇ ಮೇಜಿನ ಹಲಗೆಯ ಮೇಲೆ
ಅವಳು ಬಲಗೈ ಊರಿ ನಿಂತಳು. ಎಡಗೈ ಜೇಬಿನಲ್ಲೇ.
ಮುಳ್ಳುಗಳೆಲ್ಲ ಸರಿಯಾಗಿದ್ದವು,
ನನ್ನ ಕಿವಿಗೂ ಅದೇ ಹಳೇ ಝುಂ.
ಅವಳು ಇಲ್ಲವೆಂದು ತಲೆಯಾಡಿಸಿದಳು.
ಆರಿಸಿ ಸ್ಪ್ಯಾನರು ಹಾಕಿದರೆ
ಹಾಳೆಗಳನ್ನು ಬಿಗಿದಿದ್ದ ಬೋಲ್ಟು ಮುಕ್ಕಾಲು ಸುತ್ತು ಸಡಿಲ.

ಕ್ಲಿಫ್ ದಾಖಲೆ ಪುಸ್ತಕ ತೆಗೆದ.
ಮೇಜು ನಾಲ್ಕು. ಬೋಲ್ಟು. ಬಿಗಿಮಾಡಲಾಗಿದೆ.
ಪತ್ತೆ ಮಾಡಿದ ಉಪಕರಣ ಎಂಬ ಕಡೆ ಪೆನ್ನು ಕಚ್ಚಿ ಕೂತು
ಅಂಗೈ, ಎಂದು ಬರೆದ.

ಅವಳು ಪಾಸಾಗಿ ಹೋಗಿ ನಾಲ್ಕು ವರ್ಷ.
ಈಗಲೂ ಯಾರಾದರೂ ಪ್ರಶ್ನೆಗೆ ಬಾಯಿ ತೆರೆದರೆ
ನನ್ನ ಕೈ ಗುಂಡಿಯನ್ನು ಸೊನ್ನೆಗೆ ತಿರುಗಿಸುತ್ತದೆ.
ಬೇಕಿಲ್ಲ ಈಗ. ಹುಡುಗರು ಮುಖ ಮುಖ ನೋಡುತ್ತಾರೆ.
ಆದರೂ.